ಪಂಕ್ತಿಗೆ ಕೂತ ಫೋನ್ ಕರೆ

“ಇನ್ನು ನಿಮ್ಮ ಮಾತು ಕಟ್ಟಾದ್ರೆ ನಾನು ಪ್ರಹ್ಲಾದನೇ ಅಲ್ಲ, ಭಾವ!”

ಅಡಿಗೆ ಕಂಟ್ರಾಕ್ಟರ್ ವೆಂಕಟಾಚಲಯ್ಯನವರು ಭಾವಮೈದುನ ಕೊಟ್ಟ ಹಿತ್ತಾಳೆ ಡಬ್ಬಿಯನ್ನು ತಿರುಗಿಸಿ ನೋಡಿದರು. ಥೇಟು ಕುಂಕುಮದ ಭರಣಿ, ಮೇಲೆರಡು ತಂತಿಯ ಮೀಸೆ. ಆದರೂ ಎದೆ ಹಿಗ್ಗಿತು. ಇಡೀ ತಿಪಟೂರಿನಲ್ಲಿ ಇಂಥ ತಲೆ ಇನ್ನೊಂದಿಲ್ಲವೆಂದು ಅವರ ನಂಬಿಕೆ.

“ಛತ್ರದಲ್ಲಿ ಉಗ್ರಾಣಕ್ಕೊಂದು ವೈಫೈ, ಅಡಿಗೆಮನೆಗೊಂದು, ಊಟದ ಹಾಲಿಗೊಂದು. ನೀವು ಓಡಾಡಿದ್ರೂ ಫೋನು ಹಳೇದಕ್ಕೇ ಜೋತುಬಿದ್ದಿರತ್ತೆ, ಆಮೇಲೆ ದೊಪ್ಪಂತ ಬೀಳತ್ತೆ. ನನ್ನ ಡಬ್ಬಿ ಒಂದರ ಕೈ ಬಿಡೋಕೆ ಮುಂಚೇನೇ ಇನ್ನೊಂದರ ಕೈ ಹಿಡಿದಿರತ್ತೆ!”

“ಹಿಡೀಲಪ್ಪ! ಬೆಳಿಗ್ಗೆ ಎರಡು ಸಲ ಕಟ್ಟಾಯ್ತು. ಇನ್ನೊಂದು ಸಲ ಆದ್ರೆ ತ್ರಿವೇಣಮ್ಮನೋರು ಮೊಮ್ಮಗಳ ಮದುವೆ ಅಡಿಗೆ ಬೇರೆಯವರಿಗೆ ಕೊಡ್ತಾರಂತೆ!”

ಅಷ್ಟರಲ್ಲಿ ಅವರದೇ ಕರೆ ಬಂತು. ವೆಂಕಟಾಚಲಯ್ಯ ಮಾತಾಡುತ್ತಲೇ ಉಗ್ರಾಣದಿಂದ ಅಡಿಗೆಮನೆಗೆ ಬಂದರು. ಕಟ್ಟಾಗಲಿಲ್ಲ! ಮೊದಲ ಪಂಕ್ತಿ ಕೂತಿದ್ದ ಊಟದ ಹಾಲಿಗೆ ಬಂದರು. ಆಗಲೂ ಇಲ್ಲ! ಮೂಲೆಯಲ್ಲಿದ್ದ ಹುಳಿಯ ಕೊಳದಪ್ಪಲೆಯ ಹಿಂದೆ ಬಗ್ಗಿದರು ನೋಡಿ, ಫೋನು ಗಪ್‌ಚಿಪ್.

“ಕಟ್ಟಾಯ್ತಲ್ಲೋ ಪಾಪಿ!”

“ಎಲ್ಲಿ ಭಾವ? ಅಲ್ಲಿ ನಡೀತಾ ಇದೆ, ಕೇಳಿ!”

ಮೊದಲ ಎಲೆಗೆ ಕೂತಿದ್ದ ಅಜ್ಜನ ಜೇಬು ತ್ರಿವೇಣಮ್ಮನವರ ದನಿಯಲ್ಲಿ ಗದರಿತು: “ಹೋಳಿಗೆ ಮೆತ್ತಗಿರತ್ತೇನ್ರೀ?”

ಅಜ್ಜ ಬೆಚ್ಚಿಬಿದ್ದರು. “ನಂಗೆ ಹಲ್ಲೇ ಇಲ್ಲ ತಾಯಿ. ತಿಂತಿರೋದು ಮೂರನೇದು!”

ಡಬ್ಬಿ ವೈಫೈ ಒಂದನ್ನೇ ಅಲ್ಲ, ಚೆನ್ನಾಗಿ ಸಿಗ್ನಲ್ ಇರುವ ಫೋನನ್ನೂ ಹುಡುಕಿ ಕರೆಯನ್ನು ಅದಕ್ಕೆ ಹಾರಿಸುತ್ತಿತ್ತು! ಈಗ ಎದುರು ಸಾಲಿನ ಹೆಂಗಸಿನ ಬ್ಯಾಗಿನಿಂದ ದನಿ: “ಹುಳಿ ಹೇಗಿದೆ?”

“ಹುಳಿ ಅಮೃತ. ಕೋಸಂಬರಿಗೆ ಮಾತ್ರ ಉಪ್ಪು ಕಮ್ಮಿ ಕಣ್ರೀ.”

ವೆಂಕಟಾಚಲಯ್ಯನವರು ಡಬ್ಬಿಯನ್ನು ಪ್ರಹ್ಲಾದನ ಮುಂದೆ ಹಿಡಿದರು. “ಆಫ್ ಮಾಡೋ ಅದನ್ನ!”

“ಆಫ್ ಮಾಡೋ ಗುಂಡೀನೇ ಇಟ್ಟಿಲ್ಲ ಭಾವ! ಕೈ ಬಿಡಬಾರದು ಅಂತ ತಾನೇ ಮಾಡಿದ್ದು?”

ಕರೆ ಜೇಬಿನಿಂದ ಜೇಬಿಗೆ, ಎಲೆಯಿಂದ ಎಲೆಗೆ ಉಪಚಾರ ಮಾಡುತ್ತ ಹೋಗಿ, ಕೊನೆಗೆ ಓಲಗದವರ ವೈರಿಲ್ಲದ ಮೈಕನ್ನೇ ಹಿಡಿಯಿತು. ಛತ್ರವೆಲ್ಲ ಮೊಳಗಿತು:

“ವೆಂಕಟಾಚಲಯ್ಯ! ತಮ್ಮ ಅಡಿಗೆ ತಾವೇ ಹೊಗಳ್ಕೊಳ್ಳೋರನ್ನ ಬೇಕಾದಷ್ಟು ನೋಡಿದ್ದೀನಿ. ಉಣ್ತಾ ಇರೋರ ಬಾಯಿಂದ್ಲೇ ಹೇಳಿಸಿದ ಧೈರ್ಯವಂತ ನೀವೊಬ್ರೇ. ಮದುವೆ ಅಡಿಗೆ ನಿಮ್ಮದೇ! ಉಪ್ಪು ನಾನು ನೋಡ್ಕೋತೀನಿ. ಫೋನ್ ಇಡ್ಲಾ?”

“ಇಡಿ ತಾಯಿ!” ಎಂದು ವೆಂಕಟಾಚಲಯ್ಯ ಅಲ್ಲಿಂದಲೇ ಕೈಮುಗಿದರು. ಪ್ರಹ್ಲಾದನ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದೂ ಬಿತ್ತು.

ತ್ರಿವೇಣಮ್ಮ ಫೋನ್ ಇಟ್ಟರು. ಡಬ್ಬಿ ಇಡಲಿಲ್ಲ. ಮೈಕಿನಲ್ಲಿ ಅವರ ಮನೆಯ ಕುಕ್ಕರ್ ಮೂರು ಸಲ ಕೂಗಿತು. ವೆಂಕಟಾಚಲಯ್ಯನವರು ಅಭ್ಯಾಸಬಲದಿಂದ ಓಡಿಹೋಗಿ ತಮ್ಮ ಒಲೆ ಆರಿಸಿದರು. ಎರಡನೇ ಪಂಕ್ತಿಗೆ ಅನ್ನ ತುಸು ಗಟ್ಟಿಯಾಗಿತ್ತು.