ಹೊಟ್ಟೆಯೊಳಗಿನ ಹೊಸ ಬಟ್ಟೆ

ಜನರ ಹೊಟ್ಟೆಯೊಳಗೆ ಹಾಕುವ ಬಟ್ಟೆ ಮಾರುವವಳಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅದೇ ಅಂಗಡಿಗೆ ಬರುತ್ತದೆ.

ಬಂಟ್ವಾಳದಲ್ಲಿ ನನ್ನದು ಆಪರೇಷನ್ ಸಾಮಾನಿನ ಅಂಗಡಿ. ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನು ಡಿಕ್ಷನರಿ ಪಕ್ಕದಲ್ಲಿಟ್ಟು, ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಗಳಿಂದಲೇ ಕಲಿತೆ. ಹರ್ನಿಯಾ ಎಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನದ್ದು ಹೊರಗೆ ಉಬ್ಬುವುದು. ಅಲ್ಲಿಗೆ ಮೆಶ್ ಎಂಬ ಬಲೆಯಂಥ ಬಟ್ಟೆ ಹಾಕುತ್ತಾರೆ. ಹಾಕುವ ಸಾಧನ ಕೈಯಲ್ಲಿ ಹಿಡಿಯುವಂಥದ್ದು: ಉದ್ದ ನಳಿಗೆಯೊಳಗೆ ಬಟ್ಟೆ ಸುರುಳಿಯಾಗಿರುತ್ತದೆ, ಬಂದೂಕಿನದರಂಥ ಕುದುರೆ ಒತ್ತಿದರೆ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಎಲ್ಲರೂ ಅದನ್ನು ಗನ್ ಎನ್ನುತ್ತಾರೆ.

ಪೆಟ್ಟಿಗೆ ಹೊತ್ತು ಹೊತ್ತು ನನ್ನ ಹೊಕ್ಕುಳದ ಪಕ್ಕದಲ್ಲೂ ನಿಂಬೆಹಣ್ಣಿನಷ್ಟು ಉಬ್ಬು ಬಂದಿತ್ತು. ಬೆಳ್ತಂಗಡಿಯ ಸರ್ಜನ್ ಸಿಕ್ಕಿದಾಗಲೆಲ್ಲ "ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಯಾವಾಗ ಮಾಡಿಸ್ತೀರಿ?" ಎನ್ನುತ್ತಿದ್ದರು. "ಪುರುಸೊತ್ತು ಆಗಲಿ ಡಾಕ್ಟ್ರೆ" ಎನ್ನುತ್ತಿದ್ದೆ.

ಟೈಲರರ ಸಲಹೆ

ಫರಂಗಿಪೇಟೆಯ ಬ್ಯಾರಿ ಟೈಲರೊಬ್ಬರಿಗೆ ಹರ್ನಿಯಾ. ಮೆಶ್ ನೋಡಲೆಂದೇ ಅಂಗಡಿಗೆ ಬಂದರು. ಸ್ಯಾಂಪಲನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ಕೇಳಿದರು:

"ಅಂಚು ಮಡಚಿಯೇ ಇಲ್ಲವಲ್ಲ ಅಕ್ಕ? ಎಳೆ ಬಿಟ್ಟರೆ?"

"ಬಿಡುವುದಿಲ್ಲ."

"ಅಳತೆ ಯಾರು ತೆಗೀತಾರೆ?"

"ಡಾಕ್ಟರು."

ಸ್ವಲ್ಪ ಯೋಚಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ಹಾಗಾದರೆ ಒಳಗೆ ಒಂದಿಂಚು ಜಾಸ್ತಿ ಬಿಡ್ಲಿಕ್ಕೆ ಹೇಳಿ. ಮುಂದೆ ನಾನು ದಪ್ಪ ಆದ್ರೆ ಬಿಚ್ಚಿ ಹೊಲೀಬಹುದು."

ಅರಿಶಿನ

ಪುಂಜಾಲಕಟ್ಟೆಯ ಅಜ್ಜಿಯೊಬ್ಬರ ಮಗ ಹೋಟೆಲಿನ ಅಡುಗೆಯವ. ಬೆಳ್ತಂಗಡಿಯಲ್ಲಿ ಅವನ ಹರ್ನಿಯಾ ಆಪರೇಷನ್ ದಿನ ನಾನು ಗನ್ನಿನ ಪೆಟ್ಟಿಗೆ ತಂದರೆ, ಅಜ್ಜಿ ಥಿಯೇಟರ್ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಕೈಯಲ್ಲಿ ಅರಿಶಿನ.

"ಹೊಸ ಬಟ್ಟೆ. ಮೂಲೆಗೆ ಅರಿಶಿನ ಮುಟ್ಟಿಸದೆ ಮೈಗೆ ಹಾಕುವುದುಂಟಾ?"

"ಇದು ಮೈಮೇಲೆ ಅಲ್ಲ ಅಜ್ಜಿ, ಮೈಯೊಳಗೆ."

"ಹಾಗಾದರೆ ಸ್ವಲ್ಪ ಜಾಸ್ತಿಯೇ ಹಚ್ಚಬೇಕು."

ನಾನು ಕ್ರಿಮಿಗಳ ಬಗ್ಗೆ ದೊಡ್ಡ ಭಾಷಣ ಮಾಡಿದೆ. ಅಜ್ಜಿ ಅಲುಗಲಿಲ್ಲ. ಕೊನೆಗೆ ನರ್ಸ್ ಅಜ್ಜಿಗೆ ಕಾಣದಂತೆ ಒಳಗಿನ ಪೊಟ್ಟಣ ತೆಗೆದುಕೊಂಡು, ಹೊರಗಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮುಂದೆ ಹಿಡಿದಳು. ಅಜ್ಜಿ ಅದರ ಮೂಲೆಗೆ ಅರಿಶಿನ ಹಚ್ಚಿ, ಕಣ್ಣಿಗೊತ್ತಿಕೊಂಡು, ದಾರಿ ಬಿಟ್ಟರು. ಮಗ ಗುಣವಾಗಿ ಮನೆಗೆ ಹೋದ. ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ್ದು: "ನೋಡಿದ್ರಾ? ರಟ್ಟು ಹಾಕಿ ಕಟ್ಟಿದ್ರೂ ಅರಿಶಿನ ಒಳಗೆ ಇಳಿದಿದೆ."

ಮಾಲು ತೋರಿಸುವ ಕ್ರಮ

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಪುತ್ತಿಗೆಯ ಬೀಡಿ ಕಟ್ಟುವ ಹೆಂಗಸೊಬ್ಬರು ಆಪರೇಷನಿಗೆ ಹೆದರಿ ಕೂತಿದ್ದರು. ಧೈರ್ಯ ಹೇಳುವ ಎಂದು ಸ್ಯಾಂಪಲ್ ಗನ್ ಒತ್ತಿ ತೋರಿಸಿದೆ. ಮೆಶ್ ಚೆಂದಕ್ಕೆ ಬಿಚ್ಚಿಕೊಂಡಿತು. "ಇಷ್ಟೇ ಅಕ್ಕ! ಹೆದರಲಿಕ್ಕೆ ಏನುಂಟು?" ಎಂದೆ. ಅಷ್ಟರಲ್ಲಿ ಕೆಮ್ಮು ಬಂತು. ಅಭ್ಯಾಸಬಲದಿಂದ ಹೊಟ್ಟೆ ಒತ್ತಿಹಿಡಿದೆ.

ಅವರು ನನ್ನ ಕೈಯನ್ನೇ ನೋಡಿದರು. "ನಿಮ್ಗೂ ಉಂಟಾ?"

"ಸಣ್ಣದು."

"ಸೀರೆ ಅಂಗಡಿಯವ ಗಂಡಸಾದ್ರೂ ಸೀರೆಯನ್ನು ತನ್ನ ಮೈಮೇಲೆ ಹಾಕಿ ತೋರಿಸ್ತಾನೆ. ನೀವು ನಿಮ್ಮ ಮಾಲನ್ನು ಹಾಕಿ ತೋರಿಸಲಿಕ್ಕೆ ಹೆದರ್ತೀರಾ ಮಾರಾಯ್ತಿ?"

ಯಾರ ಮುಂದೆಯೂ ತಲೆ ತಗ್ಗಿಸದ ನಾನು ಅಲ್ಲಿಂದಲೇ ಬೆಳ್ತಂಗಡಿಯ ಸರ್ಜನ್‌ಗೆ ಫೋನ್ ಮಾಡಿ ಆಪರೇಷನಿಗೆ ಒಪ್ಪಿದೆ. ಬೀಡಿಯ ಅಕ್ಕ ನನಗಿಂತ ಮೊದಲೇ ಆಪರೇಷನ್ ಮುಗಿಸಿಕೊಂಡು, "ನಿಮ್ಮದು ಯಾವಾಗ?" ಎಂದು ಫೋನಿನಲ್ಲಿ ಕೇಳಿದರು.

ನನ್ನ ಸರದಿ

ನನ್ನ ಪೆಟ್ಟಿಗೆಯನ್ನು ನನ್ನ ಅಂಗಡಿಯಿಂದ ನಾನೇ ಆರಿಸಿ ತಂದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟ, ಹೊಟ್ಟೆ ಎಲ್ಲ ಮರಗಟ್ಟಿತು. ಮುಖದ ಮುಂದೆ ಹಸಿರು ಪರದೆ. ಅದರಾಚೆ ನರ್ಸಿನ ದನಿ ಕೇಳಿಸಿತು:

"ಡಾಕ್ಟ್ರೆ, ಈ ಪೆಟ್ಟಿಗೆಯ ಮೂಲೆಯಲ್ಲಿ ಏನೋ ಹಳದಿ ಕಲೆ. ಯಾರೋ ಸಾಂಬಾರಿನ ಕೈಯಲ್ಲಿ ಮುಟ್ಟಿದ್ದಾರೆ. ಒಳಗಿನ ಪೊಟ್ಟಣ ಸರಿ ಉಂಟು. ಆದ್ರೂ ಬೇರೆ ತರ್ಲಾ?"

ಮರಗಟ್ಟಿದ್ದು ಹೊಟ್ಟೆ, ಬಾಯಿಯಲ್ಲ. ಮಲಗಿದಲ್ಲಿಂದಲೇ ಕಿರುಚಿದೆ: "ಬೇಡ ಬೇಡ! ಅದನ್ನೇ ಹಾಕಿ! ಅರಿಶಿನ ಹಚ್ಚಿದ್ದು ನಾನೇ!"

ಪರದೆಯ ಮೇಲಿನಿಂದ ಡಾಕ್ಟರ ಕಣ್ಣು ಇಣುಕಿತು.

"ಅವತ್ತು ಬಾಗಿಲಲ್ಲಿ ಕ್ರಿಮಿಗಳ ಭಾಷಣ ಮಾಡಿದ್ದು ಯಾರು?"

"ಅದು ಗಿರಾಕಿಗಳಿಗೆ, ಡಾಕ್ಟ್ರೆ."