ಭೂವಿಜ್ಞಾನಕ್ಕೆ ಹೆಣ್ಣು ಕೇಳಿದ ಸೋದರಮಾವ

ನಮ್ಮ ಸೋದರಮಾವನಿಗೆ ಮದುವೆಯಾಗಿಲ್ಲ. ಆದರೆ ಅವರಷ್ಟು ದೊಡ್ಡ ಸಂಸಾರ ಇಡೀ ಚಳ್ಳಕೆರೆಯಲ್ಲಿ ಯಾರಿಗೂ ಇಲ್ಲ! ಭೂವಿಜ್ಞಾನದ ಮೇಷ್ಟ್ರಾಗಿದ್ದು, ಕೊನೆಗೆ ವಿಶ್ವವಿದ್ಯಾಲಯದ ವಿಜ್ಞಾನ ನಿಕಾಯದ ಡೀನ್ ಆಗಿ ನಿವೃತ್ತರಾದವರು ಅವರು. ವಿಜ್ಞಾನದ ವಿಭಾಗಗಳೆಲ್ಲ ಸೇರಿದ ಆ ನಿಕಾಯವೆಂದರೆ ಅವರ ಪಾಲಿಗೆ ಅವಿಭಕ್ತ ಕುಟುಂಬ.

ಬಸ್ಸಿನಲ್ಲಿ ಪಕ್ಕದವರು "ಯಾವ ಕಡೆ ಹೊಂಟ್ರಿ?" ಎಂದರೆ ಸಾಕು, ವಂಶಾವಳಿ ಶುರು. "ಗಣಿತ ಹಿರೇಮಗ ಕಣ್ರಿ. ಬೋರ್ಡು, ಸೀಮೆಸುಣ್ಣ ಇದ್ರೆ ಅವನ ಸಂಸಾರ ನಡೀತೈತೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮೊದ್ಲು ಒಂದೇ ಲ್ಯಾಬಲ್ಲಿದ್ವು. ವಾಸನೆ ತಡೀಲಾರದೆ ಗೋಡೆ ಎಬ್ಬಿಸ್ಕೊಂಡು ಬೇರೆಯಾದ್ವು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಾರಗಿತ್ತೇರು, ಮೈಕ್ರೋಸ್ಕೋಪಿಗೆ ದಿನಾ ಜಗಳ. ಭೂವಿಜ್ಞಾನ ಕೊನೇ ಮಗ. ಹಿತ್ಲಾಗಿನ ಷೆಡ್ಡು ಕೊಟ್ಟು ಕೂರ್ಸಿದ್ರು." ಒಮ್ಮೆ ಶೇಂಗಾ ವ್ಯಾಪಾರಿಯೊಬ್ಬರು ಇದನ್ನು ಕೇಳುತ್ತಾ ತಾವಿಳಿಯುವ ಊರನ್ನೇ ದಾಟಿಹೋದರು. ಹೋದದ್ದಕ್ಕೆ ಬೇಸರವೂ ಇಲ್ಲದೆ, "ಷೆಡ್ಡಿನ ಹುಡುಗ ಈಗ ಹೆಂಗವ್ನೆ?" ಎಂದು ವಿಚಾರಿಸಿದರು. ಇಂಥ ಮಾವನನ್ನು ಕಂಡು ಬೆರಗಾಗದೆ ನಾನೇನು ಮಾಡಲಿ?

ಷೆಡ್ಡಿನ ಹುಡುಗನ ಸ್ಥಿತಿ ನಿಜಕ್ಕೂ ನೆಟ್ಟಗಿರಲಿಲ್ಲ. ಎಂ.ಎಸ್ಸಿ.ಗೆ ಈ ವರ್ಷವೂ ಯಾರೂ ಸೇರದಿದ್ದರೆ ಭೂವಿಜ್ಞಾನ ವಿಭಾಗವನ್ನು ಮುಚ್ಚುವುದೆಂದು ತೀರ್ಮಾನವಾಗಿತ್ತು. ಸುದ್ದಿ ಕೇಳಿ ಮಾವ ಊಟ ಬಿಟ್ಟು ಕೂತರು. ಆಮೇಲೊಂದು ಬೆಳಿಗ್ಗೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿ ನನ್ನ ಕೈಗಿತ್ತು, "ನಡಿಯವ್ವ ಮೊಳಕಾಲ್ಮೂರಿಗೆ. ಅಲ್ಲೊಂದು ಹುಡುಗಿ ಬಿ.ಎಸ್ಸಿ. ಮುಗಿಸೈತೆ" ಎಂದರು.

"ಅದಕ್ಕೆ ಇದೆಲ್ಲ ಯಾಕೆ ಮಾವ?"

"ಬರಿಗೈಲಿ ಹೋಗಿ ಹೆಣ್ಣು ಕೇಳಾಕಾಗ್ತೈತಾ?"

ಅದು ರೇಷ್ಮೆ ಸೀರೆ ನೇಯುವವರ ಮನೆ. ತಟ್ಟೆ ಕಂಡದ್ದೇ ಮಗ್ಗದ ಸದ್ದು ನಿಂತಿತು. "ನಿಮ್ಮ ಹುಡುಗೀನ ನಮ್ಮ ಮನೆಗೆ ಕೊಡ್ರಿ" ಎಂದುಬಿಟ್ಟರು ಮಾವ. ಹುಡುಗಿಯ ತಂದೆ ಒಳಕ್ಕೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಹುಡುಗಿ ರೇಷ್ಮೆ ಸೀರೆಯುಟ್ಟು, ತಲೆ ತಗ್ಗಿಸಿಕೊಂಡು ಕಾಫಿ ತಂದಳು.

"ನಿಮ್ಮೂರ ಹತ್ರದ ಬ್ರಹ್ಮಗಿರಿ ಬಂಡೆ ಹೆಂಗೆ ಹುಟ್ತು ಹೇಳವ್ವ" ಎಂದರು ಮಾವ.

ಹುಡುಗಿ ಥಟ್ಟನೆ ತಲೆಯೆತ್ತಿದಳು. "ಭೂಮಿ ಒಳಗೆ ಕರಗಿದ್ದು ನಿಧಾನಕ್ಕೆ ತಣ್ಣಗಾಗಿ ಗ್ರಾನೈಟ್ ಆಗೈತೆ ಸಾರ್. ಮೇಲಿಂದೆಲ್ಲ ಸವೆದು ಈಗ ಹೊರಗೆ ಕಾಣ್ತೈತೆ."

ಮಾವ ನನ್ನ ಕಡೆ ತಿರುಗಿ, "ನಮಗೆ ಒಪ್ಪಿಗೆ" ಎಂದರು.

"ಹುಡುಗ ಏನು ಮಾಡ್ಕೊಂಡವ್ನೆ ಸ್ವಾಮಿ?" ತಂದೆ ಕೇಳಿದರು.

"ಹುಡುಗ ಯಾವನು? ನಾನು ಭೂವಿಜ್ಞಾನ ವಿಭಾಗಕ್ಕೆ ಕೇಳಾಕೆ ಬಂದೀನಿ."

ನಾನು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ತಂದೆ ಸಿಟ್ಟಿನಿಂದ ತಟ್ಟೆಯನ್ನು ನಮ್ಮತ್ತ ತಳ್ಳಿದರು. ಅದನ್ನು ನಡುವೆಯೇ ಹಿಡಿದವಳು ಹುಡುಗಿ. "ನಾನು ಓದಾಕೆ ಹೋಗ್ತೀನಪ್ಪ" ಎಂದಳು. ಮಾವ ಗಣಿತದಿಂದ ಹಿಡಿದು ಇಡೀ ವಂಶಾವಳಿ ಒಪ್ಪಿಸಿ, ಸಂಜೆಯ ಹೊತ್ತಿಗೆ ತಂದೆಯನ್ನೂ ಒಪ್ಪಿಸಿದರು. ಆ ಹಟಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ತರಗತಿ ಶುರುವಾಗುವ ದಿನ ತಂದೆ ತಾಯಿ ಇಬ್ಬರೂ ಮಗಳ ಜೊತೆ ಬಂದಿದ್ದರು. ಗಂಡನ ಮನೆಗೆ ಹೊರಟವಳಿಗೆ ಹಾಕುವಂತೆ ತಾಯಿ ವಿಭಾಗದ ಬಾಗಿಲಲ್ಲೇ ಅವಳಿಗೆ ಮಡಿಲಕ್ಕಿ ಹಾಕಿ ಕಣ್ಣೀರಿಟ್ಟರು. ತಂದೆ ಮಾವನ ಕೈ ಹಿಡಿದು, "ಒಬ್ಳೇ ಮಗಳು ಸ್ವಾಮಿ, ನೋಡ್ಕಳ್ರಿ" ಎಂದರು. ಮಾವ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಸೊಸೆಯೊಬ್ಬಳನ್ನು ಮನೆ ತುಂಬಿಸಿಕೊಳ್ಳುವ ಗಳಿಗೆ ಅವರ ಬಾಳಿನಲ್ಲಿ ಬಂದೇ ಇರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಮಾವ ಕಣ್ಣೊರೆಸಿಕೊಂಡು, ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು.

"ಬಲಗಾಲಿಟ್ಟು ಬಾರವ್ವ" ಎಂದರು.