ಚಿಕ್ಕಮ್ಮನ ಮೂರನೆಯ ಚಾಂಪಿಯನ್

ನಮ್ಮ ಚಿಕ್ಕಮ್ಮನಿಗೆ ಮೈಸೂರು ಅರಸರ ಹೆಸರುಗಳನ್ನು ಕ್ರಮವಾಗಿ ಹೇಳಲು ಬರುವುದಿಲ್ಲ. ಮೈಸೂರಿನಲ್ಲೇ ಹುಟ್ಟಿ, ಅರಮನೆಯ ದೀಪ ನೋಡಿಕೊಂಡೇ ಬೆಳೆದವಳು. ಆದರೂ ಮೂರನೆಯ ಹೆಸರಿಗೇ ತಡವರಿಸುತ್ತಾಳೆ. ಐರ್ಲೆಂಡಿನ ದಕ್ಷಿಣದಲ್ಲಿ, ಚರ್ಚಿನ ಹಾಲ್‌ಗಳಲ್ಲಿ ಮಡಚುವ ಕುರ್ಚಿ ಹಾಕಿ ಕುಸ್ತಿ ಆಡಿಸುವ ಒಂದು ಪುಟ್ಟ ಕಂಪನಿಯಿದೆ. ಅದರ ಮಹಿಳಾ ಚಾಂಪಿಯನ್‌ಗಳು ಯಾರು ಯಾರು, ಯಾರಿಂದ ಯಾರು ಪಟ್ಟದ ಬೆಲ್ಟ್ ಕಸಿದುಕೊಂಡರು, ಯಾವ ಊರಿನ ಯಾವ ಹಾಲ್‌ನಲ್ಲಿ, ಅಂದು ಮಳೆಯಿತ್ತೇ ಇಲ್ಲವೇ, ಇಷ್ಟನ್ನೂ ಸಹಸ್ರನಾಮದಂತೆ ಒಂದೇ ಉಸಿರಿಗೆ ಹೇಳುತ್ತಾಳೆ. ಮಳೆಯಿತ್ತೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಯಾವಾಗಲೂ ಒಂದೇ ಆದ್ದರಿಂದ ಅದನ್ನು ಮಾತ್ರ ನಾನು ಪಾಂಡಿತ್ಯವೆಂದು ಒಪ್ಪುವುದಿಲ್ಲ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಐರ್ಲೆಂಡಿನ ಲಿಮೆರಿಕ್ ಊರಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಅವಳಿಗೆ ಸಂಬಳ ಕೊಡುತ್ತಾರೆ. ನಮ್ಮ ವಂಶದ ಉಳಿದವರೆಲ್ಲ ಇದನ್ನು ಪುಕ್ಕಟೆಯಾಗಿ ಮಾಡುತ್ತಾರೆ. ನಾನು ಮಾಸ್ಟರ್ಸ್ ಓದಲು ಬಂದು ಅವಳ ಮನೆಯ ಸಣ್ಣ ಕೋಣೆ ಸೇರಿದೆ. ಓದು ಮುಗಿಯಿತು, ಕೆಲಸ ಸಿಕ್ಕಿತು, ಕೋಣೆ ಬಿಡಲಿಲ್ಲ. ಅವಳ ಸಾರು ಹಾಗಿರುತ್ತದೆ.

ಕುಸ್ತಿಯ ಹುಚ್ಚು ಹತ್ತಿದ್ದು ಹೇಗೆ? ನಾನು ಚಿಕ್ಕಪ್ಪ ಎಂದು ಕರೆಯುತ್ತಿದ್ದ ಮನುಷ್ಯ "ಸ್ವಲ್ಪ ದಿನ ಬೆಂಗಳೂರಲ್ಲಿದ್ದು ಬರ್ತೀನಿ" ಎಂದು ಹೋದವನು ವಕೀಲರ ನೋಟಿಸನ್ನು ಮಾತ್ರ ಕಳಿಸಿದ. ಅವಳು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಮುಖ ನೋಡಿದ ಸಹೋದ್ಯೋಗಿಯೊಬ್ಬಳು ಕೈಗೊಂದು ಟಿಕೆಟ್ ತುರುಕಿದಳು. ಮನೆಯಲ್ಲಿ ಕುಕ್ಕರಿನ ಸೀಟಿಗಿಂತ ಮೇಲೆ ಎಂದೂ ದನಿ ಎತ್ತದ ಚಿಕ್ಕಮ್ಮ ಅಂದು ಗಂಟಲು ಕಟ್ಟಿಸಿಕೊಂಡು ಬಂದಳು. ಆಮೇಲೆ ಒಂದು ಆಟವನ್ನೂ ಬಿಟ್ಟಿಲ್ಲ. ಮುಂದಿನ ಸಾಲಿನಲ್ಲಿ ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು "ಎತ್ತಿ ಹಾಕೇ ಅವಳನ್ನ, ಏನ್ ನೋಡ್ತಿದೀಯ" ಎಂದು ಕನ್ನಡದಲ್ಲೇ ಕೂಗುತ್ತಾಳೆ. ಹಿಂದಿನ ಸಾಲಿನ ಐರಿಷ್ ಅಜ್ಜಿಯರು ಅರ್ಥ ತಿಳಿಯದೆಯೇ ಚಪ್ಪಾಳೆ ತಟ್ಟಿ ಅನುಮೋದಿಸುತ್ತಾರೆ.

ಈ ಕುಸ್ತಿಯಲ್ಲಿ ಸೋಲು ಗೆಲುವು ಮೊದಲೇ ನಿಶ್ಚಯವಾಗಿರುತ್ತದೆ ಎಂಬುದು ಗೋಡೆಗೂ ಗೊತ್ತು. ನಾನು ಜಾಣತನ ತೋರಿಸಲು ಹೋಗಿ ಕೇಳಿದ್ದೆ: "ಯಾರು ಗೆಲ್ತಾರೆ ಅಂತ ಮೊದಲೇ ತೀರ್ಮಾನ ಆಗಿರುತ್ತಲ್ಲ ಚಿಕ್ಕಮ್ಮ, ಮತ್ಯಾಕೆ ಹೋಗ್ತೀಯ?"

"ನಮ್ಮ ಕಡೆ ಮದುವೇಲಿ ಯಾರು ಯಾರಿಗೆ ತಾಳಿ ಕಟ್ತಾರೆ ಅಂತ ಮೊದಲೇ ಗೊತ್ತಿಲ್ವಾ? ಆದರೂ ಆರುನೂರು ಜನ ಬರ್ತಾರೆ" ಎಂದಳು.

ಅವಳ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಚಾಂಪಿಯನ್‌ಗೊಂದು ಪುಟ, ಅದರಲ್ಲಿ ದಿನ, ಹಾಲ್, ಎದುರಾಳಿ, ಹೇಗೆ ಗೆದ್ದಳು, ಕೊನೆಗೆ ಸಾಕ್ಷಿ ಎಂಬ ಖಾನೆ. ಮೊದಲನೆಯವಳು ಕಾರ್ಕ್‌ನಲ್ಲಿ ಬಸ್ ಓಡಿಸುವವಳು. ಒಮ್ಮೆ ಬೇರೊಬ್ಬರು ಓಡಿಸುತ್ತಿದ್ದ ಬಸ್ಸಿನಲ್ಲಿ ಬೆಲ್ಟನ್ನೇ ಮರೆತು ಇಳಿದುಬಿಟ್ಟಳು. "ಈ ಒಂಬತ್ತು ದಿನ ಪಟ್ಟವು ಡಿಪೋದ ವಶದಲ್ಲಿತ್ತು" ಎಂದು ರಿಜಿಸ್ಟರಿನಲ್ಲಿ ದಾಖಲಾಗಿದೆ. ಎರಡನೆಯವಳು ಕೂದಲು ಕತ್ತರಿಸುವ ಅಂಗಡಿಯವಳು. ಎದುರಾಳಿಯ ಜುಟ್ಟು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮೂರನೆಯವಳು ವೃದ್ಧಾಶ್ರಮವೊಂದರಲ್ಲಿ ಮುದುಕರನ್ನು ಎತ್ತಿ ಸ್ನಾನ ಮಾಡಿಸುವವಳು. ಕೆಲಸದಲ್ಲಿ ದಿನವಿಡೀ ಜನರನ್ನು ಮೆತ್ತಗೆ ಎತ್ತಿ ಮಲಗಿಸುವವಳಿಗೆ ಶನಿವಾರ ಒಬ್ಬರನ್ನಾದರೂ ದಬಕ್ಕನೆ ಹಾಕಬೇಕು ಅನಿಸುವುದು ಸಹಜ ಎಂದು ಚಿಕ್ಕಮ್ಮನ ವಾದ. ನಾಲ್ಕನೆಯವಳು ಈಗಿನವಳು, ಹಸು ಸಾಕುವವರ ಮನೆಯ ಹುಡುಗಿ.

ಮೂರನೆಯವಳು ಗೆದ್ದ ದಿನ ನಾನೂ ಇದ್ದೆ. ಸಣ್ಣ ಊರಿನ ಶಾಲೆಯ ಹಾಲ್, ಮೂವತ್ತೋ ನಲವತ್ತೋ ಜನ, ಸೋರುವ ಸೂರಿನ ಕೆಳಗೊಂದು ಬಕೆಟ್ಟು. ವಿಡಿಯೊ ತೆಗೆಯುವವನ ವ್ಯಾನ್ ದಾರಿಯಲ್ಲೇ ಕೆಟ್ಟು ನಿಂತಿತ್ತು. ಅವಳು ಒಂದು ಕೈಯಲ್ಲಿ ಬೆಲ್ಟ್ ಎತ್ತಿ, ಇನ್ನೊಂದು ಕೈಯಲ್ಲಿ ಮೂಗಿನ ರಕ್ತ ಒರೆಸಿಕೊಂಡಳು. ಚಿಕ್ಕಮ್ಮ ಅಳುತ್ತಿದ್ದಳು. ಯಾಕೆ ಎಂದರೆ ಕೈಯಲ್ಲಿದ್ದ ಚಿಪ್ಸ್ ಖಾರ ಎಂದಳು. ಈ ದೇಶದಲ್ಲಿ ಚಿಪ್ಸಿಗೆ ಖಾರ ಹಾಕುವವರು ಇನ್ನೂ ಹುಟ್ಟಿಲ್ಲ.

ಇನ್ನು ನಮ್ಮ ಸಮಾಜದ ಸೌಜನ್ಯದ ಬಗ್ಗೆಯೂ ಹೇಳಬೇಕಲ್ಲ. ಯುಗಾದಿ ಊಟಕ್ಕೆ ಊರಿನ ಕನ್ನಡಿಗರೆಲ್ಲ ಸೇರಿದಾಗ, ಹೊಸದಾಗಿ ಬಂದ ಒಬ್ಬಾಕೆ ಒಬ್ಬಟ್ಟು ಮುರಿಯುತ್ತ, "ನಿಮ್ಮನೆಯವರು ಬಂದಿಲ್ವಾ?" ಎಂದು ಕೇಳಿದರು. ಗೊತ್ತಿದ್ದೇ ಕೇಳಿದರು. ಪಕ್ಕದವರು ಹೇಳಿಕೊಡುವುದನ್ನು ನಾನೇ ನೋಡಿದ್ದೆ.

"ಆ ಪಟ್ಟ ಸದ್ಯಕ್ಕೆ ಖಾಲಿ ಇದೆ ರೀ. ನಿಮ್ಮ ಕಡೆ ಯಾರಾದ್ರೂ ಇದ್ರೆ ಕಳಿಸಿ, ಮೊದಲು ಟೆಸ್ಟ್ ಮಾಡಿ ನೋಡ್ತೀನಿ" ಎಂದು ಚಿಕ್ಕಮ್ಮ ಪಾಯಸಕ್ಕೆ ಎದ್ದು ಹೋದಳು. ಆಮೇಲೆ ಆ ಮೇಜಿನ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಹತ್ತಿರ ಕೂರಿಸಿಕೊಂಡರು. ಪಾಪ, ಆ ಗಂಡಂದಿರಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ.

ಈಗ ನಾನು ಹೇಳಲು ಇಷ್ಟವಿಲ್ಲದ ಭಾಗ. ಅಣ್ಣನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಹೊಣೆ ನನ್ನದು. ಕೆಳಗೆ "ಸುಖಾಗಮನ ಬಯಸುವವರು" ಎಂಬ ಪಟ್ಟಿ ಬರುತ್ತದಲ್ಲ, ಅದರಲ್ಲಿ ಶ್ರೀಮತಿ ಮತ್ತು ಶ್ರೀ ಜೋಡಿಗಳು ಎಡಕ್ಕೊಂದು ಬಲಕ್ಕೊಂದು ಸಾಲಾಗಿ ನಿಲ್ಲುತ್ತಾರೆ. ಚಿಕ್ಕಮ್ಮನ ಹೆಸರು ಟೈಪ್ ಮಾಡಿದ ಕರಡು ನೋಡಿ ಅಮ್ಮ ಮೈಸೂರಿನಿಂದ ಫೋನ್ ಮಾಡಿದಳು.

"ಅವಳ ಪಕ್ಕ ಯಾರ ಹೆಸರು ಹಾಕ್ತೀಯ?"

"ಯಾರದ್ದೂ ಇಲ್ಲ."

"ಒಂಟಿ ಹೆಸರು ಹಾಕಿದ್ರೆ ಬೀಗರ ಕಡೆಯವರು ಕೇಳ್ತಾರೆ. ಶುಭಕಾರ್ಯ. ಅವಳೇನೂ ಅಂದ್ಕೊಳ್ಳಲ್ಲ, ತೆಗೆದುಬಿಡು."

ಮದುವೆಯಾಗದ ನನಗೆ ಕುಮಾರಿ ಎಂಬ ಸ್ಥಾನವಿದೆ. ಗಂಡ ತೀರಿಕೊಂಡ ದೊಡ್ಡಜ್ಜಿಗೆ ಆಶೀರ್ವದಿಸುವವರ ಸಾಲಿದೆ. ಬಿಟ್ಟುಹೋದವನ ಹೆಂಡತಿಗೆ ಮಾತ್ರ ನಮ್ಮ ಲಗ್ನಪತ್ರಿಕೆಯಲ್ಲಿ ಜಾಗವಿಲ್ಲ. ತಪ್ಪು ಮಾಡಿದವನು ಬೆಂಗಳೂರಿನಲ್ಲಿ ಬೇರೆ ಮದುವೆಯಾಗಿ ಬೇರೆ ಪತ್ರಿಕೆಗಳಲ್ಲಿ ಜೋಡಿಯಾಗಿ ನಿಂತಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ, ಅವಳ ಊಟದ ಮೇಜಿನ ಮೇಲೆ, ಅವಳು ಮಾಡಿದ ಉಪ್ಪಿಟ್ಟು ತಿನ್ನುತ್ತ, ಅವಳ ಹೆಸರನ್ನು ಅಳಿಸಿದೆ. ಎಡಕ್ಕೆ ಆರು ಜೋಡಿ, ಬಲಕ್ಕೆ ಆರು ಜೋಡಿ. ಸಾಲು ಚೆನ್ನಾಗಿಯೇ ಕಂಡಿತು.

ತಿದ್ದಿದ ಕರಡು ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಚಿಕ್ಕಮ್ಮ ಎರಡು ಬೆರಳಲ್ಲಿ ಹಿಗ್ಗಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದು ಸಾಲನ್ನೂ ಓದಿದಳು. ಅದು ಅವಳ ಕಸುಬು.

"ಛತ್ರದ ವಿಳಾಸದಲ್ಲಿ ಪಿನ್‌ಕೋಡ್ ತಪ್ಪಿದೆ ನೋಡು" ಎಂದಳು.

"ಮತ್ತೇನಾದ್ರೂ ಇದ್ಯಾ?"

"ಇಲ್ಲ. ಗ್ರ್ಯಾಂಡ್."

ಐರ್ಲೆಂಡಿನಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗಿದೆ ಎಂದೂ ಹೌದು, ಪರವಾಗಿಲ್ಲ ಎಂದೂ ಹೌದು, ಕಾಲು ಮುರಿದಿದೆ ಆದರೆ ನಿಮಗೆ ತೊಂದರೆ ಬೇಡ ಎಂದೂ ಹೌದು. ನನಗೆ ಯಾವುದು ಅನುಕೂಲವೋ ಅದನ್ನೇ ಅರ್ಥ ಮಾಡಿಕೊಂಡೆ.

ಅದೇ ವಾರ ಶುಕ್ರವಾರ ಸಂಜೆ ಕುಸ್ತಿ ಕಂಪನಿಯ ವಾರ್ಷಿಕೋತ್ಸವ. ಬಾಗಿಲಲ್ಲಿ ಬ್ಯಾನರ್ ಕಟ್ಟಿ ಮಹಿಳಾ ಚಾಂಪಿಯನ್‌ಗಳ ಹೆಸರು ಬರೆದಿದ್ದರು. ಬಸ್ಸಿನವಳು, ಕೂದಲಿನವಳು, ಹಸುವಿನವಳು. ಅಷ್ಟೇ. ಮೇಜಿನ ಮೇಲೆ ಬೆಲ್ಟ್ ಇಟ್ಟಿದ್ದರು. ಅದರ ಅಂಚಿನಲ್ಲಿ ಪ್ರತಿ ಚಾಂಪಿಯನ್ನಿಗೂ ಒಂದು ಪುಟ್ಟ ಹಿತ್ತಾಳೆ ತಗಡು. ಮೂರನೆಯ ಜಾಗದಲ್ಲಿ ತಗಡಿಲ್ಲ, ಎರಡು ಸ್ಕ್ರೂ ತೂತುಗಳು ಮಾತ್ರ. ಚಿಕ್ಕಮ್ಮ ಆ ತೂತುಗಳ ಮೇಲೆ ಬೆರಳಿಟ್ಟು ನಿಂತಳು. ಆ ಸಂಜೆ ಅವಳು ಒಂದು ಸಲವೂ ಕೂಗಲಿಲ್ಲ. ಮೊಸರನ್ನ ಡಬ್ಬಿಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು "ಕಾರ್ ತೆಗಿ" ಎಂದಳು. ಕಂಪನಿಯ ಯಜಮಾನನಿಗೆ ಊರಾಚೆ ಟೈರ್ ಅಂಗಡಿಯಿದೆ. ಒಳ್ಳೆಯ ಮನುಷ್ಯನೇ, ಕೂರಿಸಿ ಚಹಾ ಕೊಟ್ಟ. ವಿಷಯ ಕೇಳಿ ನಕ್ಕ. ಮೂರನೆಯವಳ ಭುಜ ಒಮ್ಮೆ ಆಟದಲ್ಲಿ ಜಾರಿತ್ತಂತೆ. ಅಲ್ಲಿಂದ ಪ್ರತಿ ಆಟಕ್ಕೂ ಒಬ್ಬ ಡಾಕ್ಟರ್ ಇರಲೇಬೇಕೆಂದು ಹಟ ಹಿಡಿದಳಂತೆ, ಕೊನೆಗೆ ಜಗಳವಾಡಿ ಬೆಲ್ಟ್ ಕೊಟ್ಟು ಹೋದಳಂತೆ. "ಅಂಥವರ ಹೆಸರು ಇಟ್ಟುಕೊಂಡು ಏನು ಮಾಡೋದು? ಅವಳು ಗೆದ್ದ ದಿನ ಬೆಲ್ಟ್ ಪಣಕ್ಕಿರಲಿಲ್ಲ ಅಂದರೆ ಮುಗೀತು. ವಿಡಿಯೊನೂ ಇಲ್ಲ. ಇದೆಲ್ಲ ಕಥೆ ತಾನೆ ಮೇಡಂ, ಬರೆಯೋನು ನಾನೇ" ಎಂದ. ಇಂಗ್ಲಿಷಿನಲ್ಲಿ ಇನ್ನೂ ನಯವಾಗಿ ಕೇಳಿಸಿತು.

"ಯಾರು ಗೆಲ್ಲಬೇಕು ಅನ್ನೋದು ನಿಮ್ಮ ಕೈಲಿದೆ. ಯಾರು ಗೆದ್ದರು ಅನ್ನೋದು ನಿಮ್ಮ ಕೈಲಿಲ್ಲ" ಎಂದು ಚಿಕ್ಕಮ್ಮ ರಿಜಿಸ್ಟರ್ ತೆರೆದಳು. "ಬೆಲ್ಟ್ ಪಣಕ್ಕಿದೆ ಅಂತ ಮೈಕಿನಲ್ಲಿ ಹೇಳಿದ್ದು ನೀವೇ. ನಾನು ಕೇಳಿದೀನಿ. ನನ್ನ ಅಕ್ಕನ ಮಗಳೂ ಕೇಳಿದಾಳೆ."

ಯಜಮಾನ ನನ್ನ ಕಡೆ ತಿರುಗಿದ. "ಹೌದಾ? ನಿನಗೆ ನೆನಪಿದ್ಯಾ?"

ಬಕೆಟ್ಟು ನೆನಪಿತ್ತು, ರಕ್ತ ನೆನಪಿತ್ತು, ಮೈಕಿನ ಮಾತೂ ನೆನಪಿತ್ತು. ಕೈಯಲ್ಲಿ ಅವನ ಚಹಾ ಇತ್ತು. ಟೈರ್ ಬದಲಿಸಲು ಬಂದವರು ಇಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ನನಗೆ ಮುಜುಗರವಾಗಿತ್ತು.

"ಅಷ್ಟು ಸರಿಯಾಗಿ ನೆನಪಿಲ್ಲ" ಎಂದೆ.

ಹಿಂದಿರುಗುವಾಗ ಎರಡು ವೃತ್ತ ದಾಟಿದ ಮೇಲೆ ಚಿಕ್ಕಮ್ಮ ಕೇಳಿದಳು, "ನೆನಪಿತ್ತು ಅಲ್ವಾ ಪುಟ್ಟಿ?"

"ಇತ್ತು."

"ಸಾಕ್ಷಿ ಹೇಳೋಕೆ ಇದ್ದಿದ್ದು ನಾವಿಬ್ಬರು. ಒಬ್ಬಳು ನೋಡಿಲ್ಲ ಅಂದ್ರೆ ಇನ್ನೊಬ್ಬಳು ಹುಚ್ಚಿ ಆಗ್ತಾಳೆ" ಎಂದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಭಾನುವಾರ ಅವಳು ತರಕಾರಿ ತರಲು ಹೋದಾಗ ನಾನು ರಿಜಿಸ್ಟರ್ ತೆಗೆದೆ. ಮೂರನೆಯ ಪುಟದಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದಿರುತ್ತಾಳೆ ಎಂದುಕೊಂಡಿದ್ದೆ. ಎಳೆಯುವುದು ನ್ಯಾಯವೂ ಆಗಿತ್ತು. ಸಾಕ್ಷಿಯ ಖಾನೆಯಲ್ಲಿ ಅವಳ ಹೆಸರು, ಅದರ ಕೆಳಗೆ ನನ್ನ ಹೆಸರು, ಹೇಗಿತ್ತೋ ಹಾಗೇ ಇದ್ದವು. ಸುಳ್ಳು ಹೇಳಿದವಳನ್ನೂ ಅವಳು ಅಳಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಟೈರ್ ಅಂಗಡಿಯವನಿಗೆ ಎಲ್ಲ ನೆನಪಿದೆ ಎಂದು ಬರೆದು ಕಳಿಸಿದೆ. ಅವನು ಇಂದಿನವರೆಗೂ ಉತ್ತರಿಸಿಲ್ಲ, ಬೆಲ್ಟಿನ ತೂತುಗಳೂ ಹಾಗೇ ಇವೆ.

ಆಮೇಲೆ ಲಗ್ನಪತ್ರಿಕೆ ತೆರೆದೆ. ಸೋಮವಾರ ಅದು ಅಚ್ಚಿಗೆ ಹೋಗುವುದಿತ್ತು. ಅಮ್ಮನಿಗೆ ಫೋನ್ ಮಾಡಿ, "ಚಿಕ್ಕಮ್ಮನ ಹೆಸರು ಹಾಕ್ತಿದೀನಿ. ಆಗಲ್ಲ ಅಂದ್ರೆ ನನ್ನ ಹೆಸರೂ ತೆಗೆದುಬಿಡ್ತೀನಿ" ಎಂದೆ. ಅತ್ತ ಅಮ್ಮ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಅವಳು ನನಗಿಂತ ಆರು ವರ್ಷಕ್ಕೆ ಚಿಕ್ಕವಳು ಕಣೇ. ಜಡೆ ಹಾಕ್ತಿದ್ದೋಳು ನಾನೇ" ಎಂದಳು. ಬೇಡ ಎನ್ನಲಿಲ್ಲ.

ಚಿಕ್ಕಮ್ಮನ ಹೆಸರನ್ನು ನಾನು ಈ ಪ್ರಬಂಧದಲ್ಲಿ ಬರೆದಿಲ್ಲ. ಅದು ಅವಳದೇ ಅಪ್ಪಣೆ, "ಬರೆಯೋ ಕಡೆ ಬರೆದ್ರೆ ಸಾಕು" ಎಂದು. ಬರೆಯುವ ಕಡೆ ಬರೆದೆ: ಎಡಗಡೆ, ಆರು ಜೋಡಿಗಳ ಕೆಳಗೆ, ಒಂದೇ ಹೆಸರು. ಗುಂಪಿಗೆ ಕಳಿಸಿದಾಗ ಚಿಕ್ಕಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಕೈ ಒರೆಸಿಕೊಂಡು, ಎಂದಿನಂತೆ ಹಿಗ್ಗಿಸಿ, ಮೇಲಿನಿಂದ ಓದುತ್ತ ಬಂದು ಕೊನೆಯಲ್ಲಿ ನಿಂತಳು.

"ಎಡಗಡೆ ಏಳಾಯ್ತು, ಬಲಗಡೆ ಆರೇ ಇದೆ. ಸಾಲು ಸೊಟ್ಟಗಾಗಿದೆ" ಎಂದಳು.

"ಸರಿ ಮಾಡ್ಲಾ ಚಿಕ್ಕಮ್ಮ?"

"ಮುಟ್ಟಬೇಡ."

ಫೋನಿನ ಬೆಳಕು ತಾನಾಗಿಯೇ ಆರುವವರೆಗೆ ನೋಡುತ್ತಿದ್ದಳು. ಆರಿದ ಮೇಲೆ, ಕಾಯಿತುರಿ ಅಂಟಿದ ಬೆರಳಿನಿಂದ ಒತ್ತಿ, ಮತ್ತೊಮ್ಮೆ ತೆರೆದು ನೋಡಿದಳು.